ಬ್ಯಾಟರಿಯ ಮೇಲಿನ ಎಚ್ಚರಿಕೆಯನ್ನು ನಮ್ಮ ನುಡಿಯಲ್ಲಿ ಓದೋಣ

ಮಾರ್ಚ್ ಕೊನೆಗೆ ಮುಚ್ಚಿದ ಶಾಲೆಗಳು ಮತ್ತೆ ಬಾಗಿಲು ತೆರೆಯುವುದು ಜೂನ್ ತಿಂಗಳ ಆರಂಭದಲ್ಲಿ. ನಡುವಿನ ಎರಡು ತಿಂಗಳು ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಷ್ಟೋ ಶಾಲಾ ವ್ಯಾನುಗಳು, ಜೀಪುಗಳು, ಮನೆಯ ಕಾರುಗಳು ಅಂಗಳದ ಮೂಲೆಯಲ್ಲಿ ನಿಂತಲ್ಲೇ ನಿಂತಿರುತ್ತವೆ. ಮಳೆಯೂ ಶಾಲೆಯೂ ಒಟ್ಟಿಗೇ ಶುರುವಾಗುವ ಆ ಬೆಳಗ್ಗೆ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಸದ್ದಿನ ಹೊರತು ಬೇರೇನೂ ಕೇಳುವುದಿಲ್ಲ. ಮಕ್ಕಳು ಛತ್ರಿ ಹಿಡಿದು ರಸ್ತೆಯ ಬದಿಯಲ್ಲಿ ಕಾಯುತ್ತಿರುತ್ತಾರೆ. ಆ ಅವಸರದಲ್ಲಿ ಹತ್ತಿರದ ಪೇಟೆಯಿಂದ ಹೊಸ ಬ್ಯಾಟರಿ ತಂದು ಕೂರಿಸಿ ಹೊರಡುವುದು ವಾಡಿಕೆ. ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳು ಎರಡೇ: ಬೆಲೆ ಎಷ್ಟು, ಗ್ಯಾರಂಟಿ ಎಷ್ಟು? ಕೇಳದೆ ಬಿಡುವ ಪ್ರಶ್ನೆಗಳೂ ಎರಡು: ಇದು ಈ ವಾಹನಕ್ಕೆ ತಕ್ಕದ್ದೇ? ಇದರಿಂದ ಹೊರಡುವ ಅನಿಲ ಎಲ್ಲಿಗೆ ಹೋಗುತ್ತದೆ?

ಎರಡನೆಯ ಪ್ರಶ್ನೆ ಅನೇಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಬ್ಯಾಟರಿಯ ನೆತ್ತಿಯ ಮೇಲೆ ಅಚ್ಚಾಗಿರುವ ಎಚ್ಚರಿಕೆಗಳಲ್ಲಿ ಮುಖ್ಯವಾದುದೇ ಅದು. ಅದನ್ನು ನಾವು ಓದದಿರುವುದಕ್ಕೆ ಉದಾಸೀನವೊಂದೇ ಕಾರಣವಲ್ಲ, ಭಾಷೆಯೂ ಕಾರಣ. ಪೊಟ್ಟಣ ಕಟ್ಟಿದ ಸರಕುಗಳ ಬಗೆಗಿನ 2011ರ ಕಾನೂನುಮಾಪನ ನಿಯಮಗಳ ಪ್ರಕಾರ ತಯಾರಕರ ಹೆಸರು, ತಯಾರಿಕೆಯ ತಿಂಗಳು, ಗರಿಷ್ಠ ಮಾರಾಟ ಬೆಲೆ ಮುಂತಾದ ಘೋಷಣೆಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇದ್ದರೆ ಸಾಕು. ಬೇರೆ ಭಾಷೆಯಲ್ಲಿ ಹೆಚ್ಚುವರಿಯಾಗಿ ಬರೆಯಲು ಅಡ್ಡಿಯಿಲ್ಲ, ಬರೆಯಲೇಬೇಕೆಂಬ ಕಟ್ಟಳೆಯೂ ಇಲ್ಲ. ವಾಸ್ತವದಲ್ಲಿ ಸುರಕ್ಷತೆಯ ಸೂಚನೆಗಳೂ ಇದೇ ದಾರಿ ಹಿಡಿದಿವೆ. ಹೀಗಾಗಿ ಕನ್ನಡದಲ್ಲಿ ಓದುವ ಮನೆಗೆ ಬರುವ ಬ್ಯಾಟರಿ ತನ್ನ ಅಪಾಯವನ್ನು ಇನ್ನೊಂದು ಭಾಷೆಯಲ್ಲಿ ಹೇಳಿ ಸುಮ್ಮನಾಗುತ್ತದೆ. ಅದನ್ನು ನಮ್ಮ ನುಡಿಗೆ ತಂದುಕೊಳ್ಳುವ ಕೆಲಸ ನಮ್ಮದೇ ಆಗಿದೆ.

ಪೆಟ್ಟಿಗೆಯೊಳಗೆ ನಡೆಯುವುದೇನು?

ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯ ತತ್ತ್ವವೇ ಇಂದಿಗೂ ನಮ್ಮ ಕಾರುಗಳಲ್ಲಿದೆ. 12 ವೋಲ್ಟಿನ ಪೆಟ್ಟಿಗೆಯೊಳಗೆ ಆರು ಕೋಶಗಳಿವೆ. ಪ್ರತಿಯೊಂದರಲ್ಲೂ ಸೀಸದ ಮತ್ತು ಸೀಸದ ಆಕ್ಸೈಡಿನ ಫಲಕಗಳು ನೀರು ಬೆರೆತ ಗಂಧಕಾಮ್ಲದಲ್ಲಿ ನಿಂತಿರುತ್ತವೆ. ಪೂರ್ಣವಾಗಿ ಚಾರ್ಜ್ ಆದ ಕೋಶದ ವೋಲ್ಟೇಜ್ ಸುಮಾರು 2.1, ಆರೂ ಸೇರಿದರೆ 12.6. ಎಂಜಿನ್ ಓಡುವಾಗ ಆಲ್ಟರ್ನೇಟರ್ ಬ್ಯಾಟರಿಗೆ ವಿದ್ಯುತ್ತನ್ನು ತುಂಬುತ್ತದೆ. ಬ್ಯಾಟರಿ ತುಂಬಿದ ಮೇಲೂ ವಿದ್ಯುತ್ ಹರಿಯುತ್ತಲೇ ಇದ್ದರೆ ಅದು ಆಮ್ಲದಲ್ಲಿರುವ ನೀರನ್ನು ಒಡೆಯತೊಡಗುತ್ತದೆ. ಋಣ ಫಲಕದಲ್ಲಿ ಜಲಜನಕ, ಧನ ಫಲಕದಲ್ಲಿ ಆಮ್ಲಜನಕ, ಎರಡಕ್ಕೆ ಒಂದರ ಪ್ರಮಾಣದಲ್ಲಿ. ನಮ್ಮ ಮಕ್ಕಳು ಪ್ರೌಢಶಾಲೆಯಲ್ಲಿ ಕನ್ನಡದಲ್ಲೇ ಕಲಿಯುವ ನೀರಿನ ವಿದ್ಯುದ್ವಿಭಜನೆ ಎಂದರೆ ಇದೇ.

ಜಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 4ಕ್ಕೆ ಏರಿದರೆ ಸಾಕು, ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುತ್ತದೆ. ಆ ಕಿಡಿಗೆ ಬೀಡಿಯ ಬೆಂಕಿಯೇ ಬೇಕೆಂದಿಲ್ಲ. ಸಡಿಲವಾದ ಟರ್ಮಿನಲ್ಲಿನ ಸಣ್ಣ ಚಿಮ್ಮುವಿಕೆ ಸಾಕಾಗುತ್ತದೆ. ಬ್ಯಾಟರಿ ಸಿಡಿದರೆ ಹಾರುವುದು ಪ್ಲಾಸ್ಟಿಕ್ಕಿನ ಚೂರುಗಳು ಮಾತ್ರವಲ್ಲ, ಒಳಗಿನ ಆಮ್ಲವೂ ಹಾರುತ್ತದೆ. ಕಣ್ಣುಗಳೇ ಮೊದಲು ಗಾಯಗೊಳ್ಳುವುದು ಇದರಿಂದಾಗಿ.

ಪ್ರಮಾಣದ ಅಂದಾಜಿಗೆ ಒಂದು ಲೆಕ್ಕ ನೋಡೋಣ. ತುಂಬಿದ ಬ್ಯಾಟರಿಗೆ 10 ಆಂಪಿಯರ್ ವಿದ್ಯುತ್ ಒಂದು ಗಂಟೆ ಕಾಲ ವೃಥಾ ಹರಿದರೆ ಆರು ಕೋಶಗಳಿಂದ ಸುಮಾರು 25 ಲೀಟರ್ ಜಲಜನಕ ಹುಟ್ಟುತ್ತದೆ. ಕಾರಿನ ಡಿಕ್ಕಿಯ ಗಾತ್ರ 400 ಲೀಟರ್ ಎಂದಿಟ್ಟುಕೊಂಡರೆ ಅದರ ಶೇಕಡಾ 4 ಎಂದರೆ 16 ಲೀಟರ್. ಅನಿಲ ಹೊರಹೋಗಲು ದಾರಿಯೇ ಇಲ್ಲದಿದ್ದರೆ ಅಪಾಯದ ಮಟ್ಟಕ್ಕೆ ಮುಟ್ಟಲು ಮುಕ್ಕಾಲು ಗಂಟೆಯೂ ಬೇಕಿಲ್ಲ. ಸುಸ್ಥಿತಿಯಲ್ಲಿರುವ ವಾಹನದಲ್ಲಿ ಇಷ್ಟು ಅನಿಲ ಹುಟ್ಟುವುದಿಲ್ಲ. ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಾಗ ಹೀಗಾಗುತ್ತದೆ, ಮತ್ತು ಅದು ಕೆಟ್ಟಿದೆಯೆಂದು ಹೊರಗಿನಿಂದ ಕಾಣುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗುತ್ತಿದೆ ಎಂದು ತಿಳಿಯಬೇಕು. ಆಗ ವಾಹನವನ್ನು ನಿಲ್ಲಿಸಿ, ಎಂಜಿನ್ ಆರಿಸಿ, ಬಾಗಿಲುಗಳನ್ನು ತೆರೆದು ಎಲ್ಲರೂ ಇಳಿಯುವುದು ಲೇಸು.

ಆರು ಚಿಹ್ನೆಗಳ ಅರ್ಥ

ಬ್ಯಾಟರಿಯ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಆರು ಸಣ್ಣ ಚಿತ್ರಗಳಿರುತ್ತವೆ. ಅಡ್ಡಗೆರೆ ಎಳೆದ ಜ್ವಾಲೆ: ಬೆಂಕಿ, ಬೀಡಿ, ಕಿಡಿ ಹತ್ತಿರ ಸುಳಿಯಬಾರದು. ಕನ್ನಡಕ ಧರಿಸಿದ ಮುಖ: ಕಣ್ಣಿಗೆ ರಕ್ಷಣೆ ಇಲ್ಲದೆ ಮುಟ್ಟಬಾರದು. ಮಗುವಿನ ಚಿತ್ರ: ಮಕ್ಕಳನ್ನು ದೂರವಿರಿಸಿ. ಕೈಯ ಮೇಲೆ ತೊಟ್ಟಿಕ್ಕುವ ದ್ರವ: ಒಳಗಿರುವುದು ಸುಡುವ ಆಮ್ಲ. ತೆರೆದ ಪುಸ್ತಕ: ಕೈಪಿಡಿಯನ್ನು ಓದಿ. ಸಿಡಿಯುತ್ತಿರುವ ಆಕೃತಿ: ಸ್ಫೋಟಕ ಅನಿಲ ಹೊರಡುತ್ತದೆ. ಇವಲ್ಲದೆ ಅಡ್ಡಗೆರೆ ಎಳೆದ ಕಸದ ಡಬ್ಬಿಯೂ ಸೀಸದ ರಾಸಾಯನಿಕ ಸಂಕೇತವೂ ಇರುತ್ತವೆ. ಇದನ್ನು ಮನೆಯ ಕಸದೊಂದಿಗೆ ಎಸೆಯಕೂಡದು ಎಂಬುದು ಅವುಗಳ ತಾತ್ಪರ್ಯ.

ಕೊಳ್ಳುವ ಮೊದಲು ಅಳೆಯಿರಿ

ಹಳೆಯ ಬ್ಯಾಟರಿ ನಿಜವಾಗಿಯೂ ಸತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಕೆಲವು ಗಂಟೆ ನಿಂತ ವಾಹನದಲ್ಲಿ ಮೀಟರ್ ಹಿಡಿದಾಗ 12.6 ವೋಲ್ಟ್ ತೋರಿದರೆ ಬ್ಯಾಟರಿ ತುಂಬಿದೆ, 12.2 ತೋರಿದರೆ ಸುಮಾರು ಅರ್ಧ, 12ಕ್ಕೆ ಇಳಿದರೆ ಬಹುತೇಕ ಬರಿದಾಗಿದೆ. ನಿಂತೇ ಬರಿದಾದ ಬ್ಯಾಟರಿಯನ್ನು ನಿಧಾನವಾಗಿ ಚಾರ್ಜ್ ಮಾಡಿದರೆ ಕೆಲವೊಮ್ಮೆ ಚೇತರಿಸಿಕೊಳ್ಳುತ್ತದೆ. ಆದರೆ ವಾರಗಟ್ಟಲೆ ಬರಿದಾಗಿಯೇ ಇದ್ದರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂತು ಮರಳಿ ಬಾರದ ಸ್ಥಿತಿ ತಲುಪುತ್ತದೆ. ಬೇಸಗೆ ರಜೆಯಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ವಾಹನವನ್ನು ಓಡಿಸುವುದು, ಅಥವಾ ಕೈಪಿಡಿ ಒಪ್ಪುವುದಾದರೆ ಋಣ ತಂತಿಯನ್ನು ಕಳಚಿಡುವುದು ಇದಕ್ಕೆ ಸುಲಭ ಪರಿಹಾರ.

ಎಂಜಿನ್ ಓಡುವಾಗಲೂ ಒಮ್ಮೆ ಅಳೆಯಬೇಕು. ಬಹುಪಾಲು ವಾಹನಗಳಲ್ಲಿ ಆಗ 13.8ರಿಂದ 14.5 ವೋಲ್ಟ್ ಇರುತ್ತದೆ. 13ಕ್ಕಿಂತ ಕಡಿಮೆಯಿದ್ದರೆ ದೋಷ ಆಲ್ಟರ್ನೇಟರಿನಲ್ಲೋ ಅದರ ತಂತಿಯಲ್ಲೋ ಇದೆ. ಹೊಸ ಬ್ಯಾಟರಿಯೂ ನಾಲ್ಕು ದಿನದಲ್ಲಿ ಬರಿದಾಗುತ್ತದೆ. 15ನ್ನು ದಾಟಿ ನಿಂತರೆ ರೆಗ್ಯುಲೇಟರ್ ಕೆಟ್ಟಿದೆ ಎಂದೇ ಶಂಕಿಸಬೇಕು. ಹಾಗೆ ಬಿಟ್ಟರೆ ಹೊಸ ಬ್ಯಾಟರಿಯೂ ಹಾಳಾಗುತ್ತದೆ, ಮೇಲೆ ಹೇಳಿದ ಅನಿಲವೂ ಯಥೇಚ್ಛವಾಗಿ ಹುಟ್ಟುತ್ತದೆ. ಇದನ್ನು ಸರಿಪಡಿಸದೆ ಬ್ಯಾಟರಿ ಬದಲಿಸುವುದು ವ್ಯರ್ಥ, ಅಪಾಯಕಾರಿ ಕೂಡ.

ಆಯ್ಕೆಯ ಐದು ಮಾತುಗಳು

ಮೊದಲನೆಯದು ಅಳತೆ ಮತ್ತು ಧ್ರುವಗಳ ದಿಕ್ಕು. ಸಣ್ಣ ಕಾರುಗಳಲ್ಲಿ ಬಳಕೆಯಲ್ಲಿರುವ ‘38ಬಿ20ಎಲ್’ ಎಂಬ ಜಪಾನೀ ಸಂಕೇತವನ್ನು ತೆಗೆದುಕೊಳ್ಳಿ. 38 ಎಂಬುದು ಸಾಮರ್ಥ್ಯದ ದರ್ಜೆ, ‘ಬಿ’ ಅಗಲ-ಎತ್ತರಗಳ ವರ್ಗ, 20 ಎಂಬುದು ಸೆಂಟಿಮೀಟರಿನಲ್ಲಿ ಹತ್ತಿರಹತ್ತಿರದ ಉದ್ದ. ಕೊನೆಯ ‘ಎಲ್’ ಧ್ರುವಗಳ ದಿಕ್ಕನ್ನು ಹೇಳುತ್ತದೆ: ಟರ್ಮಿನಲ್‌ಗಳು ನಮ್ಮ ಕಡೆಗಿರುವಂತೆ ನಿಂತು ನೋಡಿದರೆ ಋಣ ಧ್ರುವ ಎಡಕ್ಕಿರುತ್ತದೆ. ‘ಆರ್’ ಎಂದಿದ್ದರೆ ತಿರುವುಮುರುವು. ದಿಕ್ಕು ತಪ್ಪಿದ ಬ್ಯಾಟರಿಯನ್ನು ತಂತಿ ಎಳೆದು ಹೊಂದಿಸಲು ಯಾರಾದರೂ ಹೊರಟರೆ ತಡೆಯಿರಿ. ಎತ್ತರ ಹೆಚ್ಚಾದರೆ ಧನ ಟರ್ಮಿನಲ್ ಬಾನೆಟ್ಟಿಗೆ ತಗುಲುವ ಭಯವಿದೆ.

ಎರಡನೆಯದು ಬಗೆ. ಸಾಧಾರಣ ದ್ರವಬ್ಯಾಟರಿ, ಅದರ ಸುಧಾರಿತ ರೂಪವಾದ ಇಎಫ್‌ಬಿ, ಗಾಜಿನ ನಾರಿನ ಹಾಸಿನಲ್ಲಿ ಆಮ್ಲವನ್ನು ಹೀರಿಟ್ಟ ಎಜಿಎಂ ಎಂದು ಮುಖ್ಯವಾಗಿ ಮೂರು. ಸಿಗ್ನಲಿನಲ್ಲಿ ತಾನಾಗಿ ಎಂಜಿನ್ ಆರಿ ಹೊತ್ತುವ ಕಾರುಗಳಿಗೆ ತಯಾರಕರು ಇಎಫ್‌ಬಿ ಅಥವಾ ಎಜಿಎಂ ಅಳವಡಿಸಿರುತ್ತಾರೆ. ಅಲ್ಲಿ ಅಗ್ಗದ ಸಾಧಾರಣ ಬ್ಯಾಟರಿ ಕೂರಿಸಿದರೆ ಬೇಗನೆ ಸೋಲುತ್ತದೆ.

ಮೂರನೆಯದು ಸಾಮರ್ಥ್ಯ. ಆಂಪಿಯರ್-ಗಂಟೆಯ ಅಂಕಿ ಕೈಪಿಡಿಯಲ್ಲಿರುವಷ್ಟೇ ಇರಲಿ. ಸಿಸಿಎ ಎಂಬ ಇನ್ನೊಂದು ಅಂಕಿ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಬ್ಯಾಟರಿ ಕೊಡಬಲ್ಲ ವಿದ್ಯುತ್ತನ್ನು ಸೂಚಿಸುತ್ತದೆ. ಕರಾವಳಿಯ ನಮಗೆ ಅದರ ಹಿಂದೆ ಓಡುವ ಅಗತ್ಯವಿಲ್ಲ. ನಮ್ಮ ಬ್ಯಾಟರಿಗಳ ವೈರಿ ಸೆಕೆ. ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ಬ್ಯಾಟರಿಯ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕ್ಷೇತ್ರದ ಸ್ಥೂಲ ನಿಯಮ. ಆದ್ದರಿಂದ ಮೂಲದಲ್ಲಿದ್ದ ಉಷ್ಣರಕ್ಷಕ ಹೊದಿಕೆಯನ್ನು ಕಿತ್ತೆಸೆಯದೆ ಮತ್ತೆ ಹಾಕಿಸಿ.

ನಾಲ್ಕನೆಯದು ಪ್ರಾಯ. ತಯಾರಿಕೆಯ ತಿಂಗಳು ನೋಡಿ, ಮೂರು ತಿಂಗಳೊಳಗಿನದನ್ನೇ ಕೇಳಿ. ಅಂಗಡಿಯ ಕಪಾಟಿನಲ್ಲಿ ಕೂತ ಬ್ಯಾಟರಿಯೂ ನಿಧಾನವಾಗಿ ಬರಿದಾಗುತ್ತಿರುತ್ತದೆ. ಕೊಳ್ಳುವಾಗಲೇ ಮೀಟರ್ ಹಿಡಿಸಿ, 12.5ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ ಅಥವಾ ಬೇರೆಯದನ್ನು ಕೊಡಿಸಿಕೊಳ್ಳಿ.

ಐದನೆಯದು, ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು, ಅನಿಲದ್ವಾರ. ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು.

ಅನಿಲಕ್ಕೊಂದು ದಾರಿ

ಬ್ಯಾಟರಿ ಬಾನೆಟ್ಟಿನ ಕೆಳಗಿದ್ದರೆ ಗಾಳಿ ಆಡುತ್ತಿರುತ್ತದೆ. ಜಲಜನಕ ಗಾಳಿಗಿಂತ ಸುಮಾರು 14 ಪಟ್ಟು ಹಗುರವಾದ್ದರಿಂದ ಮೇಲೇರಿ ಚದುರಿಹೋಗುತ್ತದೆ. ಮುಚ್ಚಳದ ತೂತುಗಳಲ್ಲಿ ಧೂಳು, ಗ್ರೀಸ್ ತುಂಬದಂತೆ ಒದ್ದೆ ಬಟ್ಟೆಯಿಂದ ಒರೆಸಿಟ್ಟರೆ ಸಾಕು. ಹೊಸ ಬ್ಯಾಟರಿಯ ಅನಿಲದ್ವಾರಕ್ಕೆ ಸಾಗಾಟಕ್ಕಾಗಿ ಟೇಪನ್ನೋ ಬಿರಡೆಯನ್ನೋ ಹಾಕಿದ್ದರೆ ಕೂರಿಸುವ ಮೊದಲು ತೆಗೆದಿರಬೇಕು.

ಎಲ್ಲ ವಾಹನಗಳಲ್ಲೂ ಬ್ಯಾಟರಿ ಅಲ್ಲಿರುವುದಿಲ್ಲ. ಬಿಎಂಡಬ್ಲ್ಯೂ 3 ಸೀರೀಸ್, ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ಮುಂತಾದ ಕಾರುಗಳಲ್ಲಿ 12 ವೋಲ್ಟಿನ ಬ್ಯಾಟರಿ ಡಿಕ್ಕಿಯಲ್ಲಿದೆ. ಇನ್ನು ಕೆಲವು ವಾಹನಗಳಲ್ಲಿ ಆಸನದ ಕೆಳಗಿದೆ. ಎಂದರೆ ಮಕ್ಕಳು ಉಸಿರಾಡುವ ಗಾಳಿಯೂ ಬ್ಯಾಟರಿ ಬಿಡುವ ಅನಿಲವೂ ಒಂದೇ ಗೋಡೆಯೊಳಗಿವೆ. ಇಂಥ ಕಡೆ ತಯಾರಕರು ಬ್ಯಾಟರಿಯ ಬದಿಯಲ್ಲಿರುವ ಅನಿಲದ್ವಾರಕ್ಕೆ ಒಂದು ಸಣ್ಣ ಕೊಳವೆ ಜೋಡಿಸಿ ಅದನ್ನು ನೆಲಹಾಸಿನ ತೂತಿನ ಮೂಲಕ ವಾಹನದ ಹೊರಗೆ ಬಿಟ್ಟಿರುತ್ತಾರೆ. ಹಳೆಯ ಬ್ಯಾಟರಿ ತೆಗೆಯುವಾಗ ಈ ಕೊಳವೆಯನ್ನು ಕಳಚುತ್ತಾರೆ. ಹೊಸದಕ್ಕೆ ಸೇರಿಸಲು ಮರೆತರೆ ವಾಹನ ಎಂದಿನಂತೆಯೇ ಓಡುತ್ತದೆ, ಲೋಪ ಗೊತ್ತಾಗುವುದೇ ಇಲ್ಲ. ಈ ಕೆಲಸದ ಅಪಾಯವಿರುವುದು ಇಲ್ಲಿಯೇ.

ಆದ್ದರಿಂದ ಡಿಕ್ಕಿ ಅಥವಾ ಆಸನದ ಕೆಳಗಿನ ಬ್ಯಾಟರಿ ಬದಲಿಸುವಾಗ ನಾಲ್ಕು ಸಂಗತಿಗಳನ್ನು ಕಣ್ಣಾರೆ ನೋಡಿ. ಹೊಸ ಬ್ಯಾಟರಿಗೆ ಬದಿಯಲ್ಲಿ ಅನಿಲದ್ವಾರ ಇರಬೇಕು. ಇಲ್ಲದಿದ್ದರೆ ಅಳತೆ ಸರಿಯಿದ್ದರೂ ಅದು ಆ ಜಾಗಕ್ಕೆ ತಕ್ಕದ್ದಲ್ಲ. ದ್ವಾರಗಳು ಎರಡೂ ಬದಿಯಲ್ಲಿದ್ದರೆ ಕೊಳವೆ ಸೇರದ ಬದಿಗೆ ಬಿರಡೆ ಹಾಕಬೇಕು, ಕೊಳವೆಯ ಬದಿಗೆ ಹಾಕಬಾರದು. ಎರಡನ್ನೂ ಮುಚ್ಚಿದರೆ ಒತ್ತಡ ಒಳಗೇ ಬೆಳೆಯುತ್ತದೆ. ಕೊಳವೆ ಮಡಚದೆ, ಆಸನದ ಕಂಬಿಗೆ ಸಿಕ್ಕಿ ನಜ್ಜುಗುಜ್ಜಾಗದೆ ಕೆಳಮುಖವಾಗಿ ಹೊರಗೆ ಸಾಗಬೇಕು. ಹೊರಗಿನ ತುದಿ ಕೆಸರಿನಿಂದ ಮುಚ್ಚಿರಬಾರದು. ನಮ್ಮ ಮಳೆಗಾಲದ ರಸ್ತೆಗಳಲ್ಲಿ ಇದು ಸುಲಭವಾಗಿ ಆಗುವಂಥದ್ದು.

‘ಇದು ಎಜಿಎಂ, ಅನಿಲ ಬರುವುದಿಲ್ಲ, ಕೊಳವೆ ಬೇಡ’ ಎಂಬ ಮಾತು ಕೇಳಿಬರುವುದುಂಟು. ಅದು ಅರ್ಧ ಸತ್ಯ. ಎಜಿಎಂ ಬ್ಯಾಟರಿಯಲ್ಲಿ ಹುಟ್ಟಿದ ಅನಿಲಗಳ ಬಹುಪಾಲು ಒಳಗೇ ಮತ್ತೆ ನೀರಾಗುತ್ತದೆ. ಆದರೆ ಅತಿಯಾಗಿ ಚಾರ್ಜ್ ಆದಾಗ ಒತ್ತಡ ಇಳಿಸಲು ಅದರಲ್ಲೂ ಕವಾಟವಿದೆ, ಆ ಕವಾಟ ತೆರೆದಾಗ ಬರುವುದು ಇದೇ ಅನಿಲ. ತಯಾರಕರು ಕೊಳವೆ ಇಟ್ಟ ಕಡೆ ಕೊಳವೆ ಇರಲೇಬೇಕು. ಮನೆಯೊಳಗಿನ ಇನ್ವರ್ಟರ್ ಬ್ಯಾಟರಿಗೂ ಇದೇ ವಿವೇಕ ಸಲ್ಲುತ್ತದೆ: ಮಕ್ಕಳು ಓದುವ, ಮಲಗುವ ಮುಚ್ಚಿದ ಕೋಣೆಯಲ್ಲಿ ಅದನ್ನು ಇಡಬೇಡಿ. ಇಟ್ಟ ಕಡೆ ಮಾಡಿನ ಹತ್ತಿರ ಗಾಳಿಕಿಂಡಿ ಇರಲಿ.

ಕೈಹಾಕುವ ಕ್ರಮ

ಕೆಲಸ ಮಾಡುವವರು ಮೆಕ್ಯಾನಿಕ್ ಆದರೂ ಕ್ರಮ ನಮಗೂ ತಿಳಿದಿರಲಿ. ಎಂಜಿನ್ ಮತ್ತು ದೀಪಗಳು ಆರಿರಬೇಕು. ಉಂಗುರ, ಕೈಗಡಿಯಾರ, ಬಳೆ ತೆಗೆದಿಡಬೇಕು. ಲೋಹದ ಬಳೆಯೊಂದು ಎರಡು ಧ್ರುವಗಳ ನಡುವೆ ಸೇತುವೆಯಾದರೆ ನೂರಾರು ಆಂಪಿಯರ್ ಹರಿದು ಕ್ಷಣದಲ್ಲಿ ಕೆಂಡವಾಗುತ್ತದೆ. ಕಳಚುವಾಗ ಋಣ ತಂತಿ ಮೊದಲು, ಜೋಡಿಸುವಾಗ ಋಣ ತಂತಿ ಕೊನೆಗೆ. ವಾಹನದ ಲೋಹದ ದೇಹಕ್ಕೆ ಋಣ ಧ್ರುವ ಸೇರಿರುವುದರಿಂದ, ಮೊದಲು ಧನವನ್ನು ಬಿಚ್ಚಲು ಹೋಗಿ ಸ್ಪ್ಯಾನರ್ ದೇಹಕ್ಕೆ ತಗುಲಿದರೆ ಕಿಡಿ ಹಾರುತ್ತದೆ. ಹಿಡಿಕಟ್ಟನ್ನು ಬಿಗಿಯಾಗಿ ಹಾಕಿ, ಧನ ಟರ್ಮಿನಲ್ಲಿನ ಟೊಪ್ಪಿಯನ್ನು ಮರಳಿ ತೊಡಿಸಬೇಕು.

ಇನ್ನೊಂದು ವಾಹನದಿಂದ ತಂತಿ ಎಳೆದು ಎಂಜಿನ್ ಹೊತ್ತಿಸುವಾಗ ಕೊನೆಯ ಕ್ಲಿಪ್ಪನ್ನು ಸತ್ತ ಬ್ಯಾಟರಿಯ ಋಣ ಧ್ರುವಕ್ಕೆ ಹಾಕದೆ, ಬ್ಯಾಟರಿಯಿಂದ ದೂರದ ಬಣ್ಣವಿಲ್ಲದ ಲೋಹದ ಭಾಗಕ್ಕೆ ಹಾಕಿ. ಕೊನೆಯ ಜೋಡಣೆಯಲ್ಲಿ ಕಿಡಿ ಏಳುವುದು ಸಹಜ; ಅದು ಅನಿಲವಿಲ್ಲದ ಕಡೆ ಏಳಲಿ. ಆಮ್ಲ ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ಶುದ್ಧ ನೀರಿನಲ್ಲಿ ತೊಳೆದು ತಕ್ಷಣ ವೈದ್ಯರ ಬಳಿಗೆ ಹೋಗಬೇಕು. ನೀರು ತುಂಬುವ ಬಗೆಯ ಬ್ಯಾಟರಿಗೆ ಭಟ್ಟಿ ಇಳಿಸಿದ ನೀರನ್ನೇ ಹಾಕಿ. ಬಾವಿಯ ನೀರು ಬೇಡ, ಆಮ್ಲವಂತೂ ಬೇಡವೇ ಬೇಡ.

ಕಾಗದದ ರಕ್ಷಣೆ

ವಕೀಲನಾಗಿ ನಾನು ಒತ್ತಿ ಹೇಳಬೇಕಾದುದು ಬಿಲ್ಲಿನ ವಿಷಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಕಲಮಿನಂತೆ, ಸರಿಯಾದ ಬಳಕೆಯ ಸಾಕಷ್ಟು ಸೂಚನೆಯನ್ನೋ ತಪ್ಪು ಬಳಕೆಯ ಎಚ್ಚರಿಕೆಯನ್ನೋ ಕೊಡದ ಉತ್ಪನ್ನದಿಂದ ಹಾನಿಯಾದರೆ ತಯಾರಕ ಹೊಣೆಯಾಗುತ್ತಾನೆ. 86ನೇ ಕಲಮಿನಂತೆ, ತಯಾರಕ ಕೊಟ್ಟ ಎಚ್ಚರಿಕೆಯನ್ನು ಗ್ರಾಹಕನಿಗೆ ದಾಟಿಸದೆ ಮಾರಿ, ಅದರಿಂದಲೇ ಹಾನಿಯಾದರೆ ಮಾರಾಟಗಾರನೂ ಹೊಣೆ. ಕನ್ನಡ ಬಲ್ಲ ಗ್ರಾಹಕ ಅಂಗಡಿಯಲ್ಲಿ ನಿಂತು ‘ಇಲ್ಲಿ ಬರೆದಿರುವುದೇನು, ವಿವರಿಸಿ’ ಎಂದು ಕೇಳಿದರೆ ಅದು ಕೇವಲ ವಿನಂತಿಯಲ್ಲ, ಕಾನೂನಿನ ಬೆಂಬಲವಿರುವ ಪ್ರಶ್ನೆ. ಆದರೆ 87ನೇ ಕಲಂ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ: ಹಾನಿಯ ವೇಳೆ ಉತ್ಪನ್ನ ದುರ್ಬಳಕೆಗೆ ಒಳಗಾಗಿದ್ದರೆ ಅಥವಾ ಮಾರ್ಪಾಡಾಗಿದ್ದರೆ ಮಾರಾಟಗಾರನ ಮೇಲೆ ಮೊಕದ್ದಮೆ ನಿಲ್ಲದು. ಅನಿಲದ್ವಾರಕ್ಕೆ ಮೇಣ ಮೆತ್ತಿದವನಿಗೂ ಕೊಳವೆ ಕಿತ್ತೆಸೆದವನಿಗೂ ಈ ಕಲಂ ಎದುರಾಗುತ್ತದೆ.

ಗ್ಯಾರಂಟಿ ಚೀಟಿಯ ಸಣ್ಣ ಅಕ್ಷರಗಳಲ್ಲಿ ಎರಡು ಸಂಗತಿ ನೋಡಿ. ‘48 ತಿಂಗಳು’ ಎಂದಿರುವುದು ಎಷ್ಟೋ ಸಲ 24 ತಿಂಗಳ ಉಚಿತ ಬದಲಿ ಮತ್ತು ಉಳಿದ 24 ತಿಂಗಳ ರಿಯಾಯಿತಿ ಮಾತ್ರ. ಬಾಡಿಗೆ ವಾಹನಗಳಿಗೆ ಅವಧಿ ಇನ್ನೂ ಕಡಿಮೆ ಇರುವುದುಂಟು. ಶಾಲಾ ವ್ಯಾನಿನ ಚಾಲಕರು ಇದನ್ನು ವಿಶೇಷವಾಗಿ ಗಮನಿಸಿ, ವಾಹನದ ನೋಂದಣಿ ಸಂಖ್ಯೆಯನ್ನೂ ಬಳಕೆಯನ್ನೂ ಸರಿಯಾಗಿಯೇ ಬರೆಸಬೇಕು. ವ್ಯಾಪಾರಕ್ಕಾಗಿ ಕೊಂಡವನು ಗ್ರಾಹಕನಲ್ಲ ಎಂಬ ತಕರಾರಿಗೆ ಹೆದರಬೇಕಾಗಿಲ್ಲ: ಸ್ವಉದ್ಯೋಗದಿಂದ ಜೀವನ ಸಾಗಿಸಲೆಂದೇ ಕೊಂಡು ಬಳಸುವ ಚಾಲಕ-ಮಾಲಕನನ್ನು ಕಾಯ್ದೆ ಗ್ರಾಹಕನೆಂದೇ ಎಣಿಸುತ್ತದೆ. ದೂರಿಗೆ ಅವಧಿ ಎರಡು ವರ್ಷ. ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕಾನೂನುಮಾಪನ ಅಧಿಕಾರಿಗೆ ಕನ್ನಡದಲ್ಲಿ ಮನವಿ ಬರೆಯುವ ಹಕ್ಕು ಸಂವಿಧಾನದ 350ನೇ ವಿಧಿಯಿಂದ ನಮಗಿದೆ.

ಹಳೆಯ ಬ್ಯಾಟರಿಯನ್ನು ಮಾರಾಟಗಾರನಿಗೇ ಮರಳಿಸಿ, ಅದರ ಮೌಲ್ಯವನ್ನು ಬಿಲ್ಲಿನಲ್ಲಿ ಕಾಣಿಸಲು ಹೇಳಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಯನ್ನು ಇತರ ಕಸದಿಂದ ಬೇರೆಯಿರಿಸಿ ಸಂಗ್ರಾಹಕರಿಗೆ ಒಪ್ಪಿಸುವ ಕರ್ತವ್ಯವನ್ನು ಬಳಕೆದಾರನ ಮೇಲೆಯೇ ಹೊರಿಸಿವೆ. ಬಲೆಗೆ ಸೀಸದ ಗುಂಡು ಎರಕ ಹೊಯ್ಯುವ ಆಸೆಯಿಂದ ಅದನ್ನು ಒಡೆದು ಕರಗಿಸುವುದು, ಆಮ್ಲವನ್ನು ಅಡಿಕೆ ತೋಟದ ಕಣಿಗೆ ಸುರಿಯುವುದು ಎರಡೂ ಘೋರ ತಪ್ಪು. ಸೀಸ ಬೆಳೆಯುವ ಮಕ್ಕಳ ಮಿದುಳನ್ನು ಕೆಡಿಸುವ ವಿಷ. ನಮ್ಮ ಬಾವಿಗಳು ಆ ಕಣಿಗಳಿಂದ ದೂರವೇನೂ ಇಲ್ಲ.

ಕೊನೆಯದಾಗಿ ಒಂದು ಸೂಚನೆ. ಶಾಲೆ ತೆರೆದ ಮೇಲೆ ನಡೆಯುವ ಮೊದಲ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ವ್ಯಾನಿನ ಚಾಲಕರನ್ನೂ ಕರೆದು ಮೂರು ಪ್ರಶ್ನೆ ಕೇಳೋಣ: ಬ್ಯಾಟರಿ ಎಲ್ಲಿದೆ, ಒಳಗಿದ್ದರೆ ಕೊಳವೆ ಜೋಡಿಸಿದೆಯೇ, ಎಂಜಿನ್ ಓಡುವಾಗ ವೋಲ್ಟೇಜ್ ಎಷ್ಟು? ವಿಜ್ಞಾನದ ಅಧ್ಯಾಪಕರು ಮನಸ್ಸು ಮಾಡಿದರೆ ಆ ಆರು ಚಿಹ್ನೆಗಳ ಅರ್ಥವನ್ನು ಮಕ್ಕಳಿಂದಲೇ ದುಂಡಾದ ಕನ್ನಡ ಅಕ್ಷರಗಳಲ್ಲಿ ಬರೆಯಿಸಿ, ಮಳೆಗೆ ಅಳಿಸದಂತೆ ಮಾಡಿ, ಪ್ರತಿ ವ್ಯಾನಿನಲ್ಲೂ ಬ್ಯಾಟರಿಯ ಪಕ್ಕ ಅಂಟಿಸಬಹುದು. ತಗಲುವ ಖರ್ಚು ಕೆಲವೇ ರೂಪಾಯಿ.